ಕಿರುಸಾಲ ಮತ್ತು ಮಹಿಳಾ ಸ್ವಸಹಾಯ ಸಂಘಗಳ ಸಣ್ಣ ಉದ್ದಿಮೆ: ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆ

ಅಡಮಾನ ಕೇಳದೆ, ಗುಂಪಿನ ಪರಸ್ಪರ ನಂಬಿಕೆಯನ್ನೇ ಭದ್ರತೆಯಾಗಿ ಹಿಡಿದು, ಸಣ್ಣ ಮೊತ್ತದಲ್ಲಿ ಕೊಟ್ಟು ಸಣ್ಣ ಕಂತುಗಳಲ್ಲಿ ಮರಳಿ ಪಡೆಯುವ ಸಾಲಕ್ಕೆ ಕಿರುಸಾಲವೆಂದು ಹೆಸರು. ಕರ್ನಾಟಕದ ಹಳ್ಳಿಗಳಲ್ಲಿ ಇದು ಮುಖ್ಯವಾಗಿ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಹರಿಯುತ್ತದೆ. ಹೈನು, ಆಡು ಸಾಕಣೆ, ರೊಟ್ಟಿ ವ್ಯಾಪಾರ, ಹೊಲಿಗೆ, ಕಿರಾಣಿ ಅಂಗಡಿಯಂತಹ ಉದ್ದಿಮೆಗಳಿಗೆ ಬಂಡವಾಳ ಒದಗಿಸುವುದು ಇದರ ಘೋಷಿತ ಉದ್ದೇಶ. ಮನೆಯ ಅಡಚಣೆ ನೀಗಿಸುವುದು, ದುಬಾರಿ ಬಡ್ಡಿಯ ಹಳೆ ಸಾಲ ತೀರಿಸುವುದು ಅಷ್ಟೇ ದೊಡ್ಡ ಬಳಕೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಸೀಮೆಯಲ್ಲಿ, ಅಂದರೆ ವಳಕಮದಿನ್ನಿಯಂತಹ ಹಳ್ಳಿಗಳ ಸುತ್ತಮುತ್ತ, ಈ ಎರಡು ಬಳಕೆಗಳನ್ನು ಬೇರೆಬೇರೆಯಾಗಿ ನೋಡದಿದ್ದರೆ ಕಿರುಸಾಲದ ಪರಿಣಾಮವನ್ನು ಅಳೆಯಲಾಗದು.

ಹೆಸರುಗಳು

ಹಳ್ಳಿಯ ಆಡುಮಾತಿನಲ್ಲಿ 'ಸಂಘದ ಸಾಲ' ಎಂಬ ಒಂದೇ ಹೆಸರಿನಡಿ ಎರಡು ಬೇರೆ ವ್ಯವಸ್ಥೆಗಳು ಅಡಗಿವೆ. ಮೊದಲನೆಯದು ಸ್ವಸಹಾಯ ಸಂಘ. ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ಮೊದಲು ಉಳಿತಾಯ ಮಾಡುತ್ತಾರೆ, ಆ ಹಣವನ್ನು ತಮ್ಮೊಳಗೆ ಸಾಲವಾಗಿ ತಿರುಗಿಸುತ್ತಾರೆ, ಅದರ ಮೇಲೆ ಬ್ಯಾಂಕಿನಿಂದ ಸಂಘದ ಹೆಸರಿಗೆ ಸಾಲ ತರುತ್ತಾರೆ. ಬಡ್ಡಿಯ ಲಾಭ ಸಂಘದಲ್ಲೇ ಉಳಿಯುತ್ತದೆ.

ಎರಡನೆಯದು ಜಂಟಿ ಹೊಣೆಗಾರಿಕೆ ಗುಂಪು. ಮೈಕ್ರೋ ಫೈನಾನ್ಸ್ ಕಂಪನಿಗಳು ಐದಾರು ಹೆಂಗಸರನ್ನು ಒಂದುಗೂಡಿಸಿ ಒಬ್ಬೊಬ್ಬರಿಗೂ ಬೇರೆಬೇರೆ ಸಾಲ ಕೊಡುತ್ತವೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಇಲ್ಲಿ ಉಳಿತಾಯವಿಲ್ಲ, ಸಂಘದ ಸ್ವಂತ ನಿಧಿಯಿಲ್ಲ, ಬಡ್ಡಿ ಕಂಪನಿಗೆ ಸೇರುತ್ತದೆ. ಜನ ಇದನ್ನು 'ಫೈನಾನ್ಸ್‌ನವರ ಸಾಲ' ಎಂದೂ ಕರೆಯುತ್ತಾರೆ, ಕಂತು ವಾರಕ್ಕೊಮ್ಮೆ ಇದ್ದರೆ 'ವಾರದ ಸಂಘ' ಎಂದೂ ಕರೆಯುತ್ತಾರೆ. ಈ ಲೇಖನದಲ್ಲಿ 'ಸಂಘ' ಎಂದರೆ ಮೊದಲನೆಯದು ಮಾತ್ರ. ಒಬ್ಬಳೇ ಹೆಂಗಸು ಎರಡರಲ್ಲೂ ಸದಸ್ಯೆಯಾಗಿರುವುದು ಸಾಮಾನ್ಯ. ಹೆಸರಿನ ಗೊಂದಲ ಮುಂದೆ ಲೆಕ್ಕದ ಗೊಂದಲಕ್ಕೂ ದಾರಿಯಾಗಿದೆ.

ಮೂಲ ಮತ್ತು ಬೆಳವಣಿಗೆ

ಬಡವರಿಗೆ ಅಡಮಾನವಿಲ್ಲದ ಸಾಲ ಎಂದೊಡನೆ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ನೆನಪಾಗುತ್ತದೆ. ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಹಳ್ಳಿಯಲ್ಲಿ ಆರಂಭಿಸಿದ ಪ್ರಯೋಗ 1983ರಲ್ಲಿ ಬ್ಯಾಂಕಾಯಿತು, 2006ರಲ್ಲಿ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಭಾರತದಲ್ಲಿ ಅಹಮದಾಬಾದಿನ ಸೇವಾ ಬ್ಯಾಂಕು ಅದಕ್ಕೂ ಮೊದಲು, 1974ರಲ್ಲೇ, ದುಡಿಯುವ ಹೆಂಗಸರ ಉಳಿತಾಯದಿಂದ ಹುಟ್ಟಿತ್ತು. ಆದರೆ ಸ್ವಸಹಾಯ ಸಂಘದ ಮಾದರಿಗೆ ಬೇರು ಕರ್ನಾಟಕದ್ದು.

ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಮುಂದೆ ಗ್ರಾಮಾಭಿವೃದ್ಧಿಗೆ ತಿರುಗಿತು. ಅಲೋಷಿಯಸ್ ಪ್ರಕಾಶ್ ಫರ್ನಾಂಡಿಸ್ ಅದರ ಚುಕ್ಕಾಣಿ ಹಿಡಿದಿದ್ದ 1980ರ ದಶಕದ ನಡುವೆ, ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದ ಕಡೆ ಜನ ತಾವೇ ಚಿಕ್ಕಚಿಕ್ಕ ಗುಂಪುಗಳಾಗಿ ಕೂಡಿದ್ದನ್ನು ಸಂಸ್ಥೆ ಗಮನಿಸಿತು. ಪರಸ್ಪರ ಪರಿಚಯ, ಒಂದೇ ಬಗೆಯ ಕಷ್ಟ, ನಂಬಿಕೆ ಇವೇ ಗುಂಪನ್ನು ಕಟ್ಟಿಟ್ಟಿದ್ದವು. 1987ರಲ್ಲಿ ನಬಾರ್ಡ್ ಈ ಗುಂಪುಗಳ ತರಬೇತಿ ಮತ್ತು ಪ್ರಯೋಗಕ್ಕೆಂದು ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1991ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ನೋಂದಣಿಯಾಗದ ಗುಂಪಿಗೂ ಸಾಲ ಕೊಡಬಹುದೆಂದು ಬ್ಯಾಂಕುಗಳ ಅನುಮಾನ ನಿವಾರಿಸಿತು. 1992ರಲ್ಲಿ 500 ಗುಂಪುಗಳ ಗುರಿಯೊಂದಿಗೆ ಶುರುವಾದ 'ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆ' ಇಂದು ದೇಶದಲ್ಲಿ 1.4 ಕೋಟಿಗೂ ಹೆಚ್ಚು ಸಂಘಗಳ ಉಳಿತಾಯ ಖಾತೆಗಳಿಗೆ ಹಬ್ಬಿದೆ. ಆರಂಭದ ಜೋಡಣೆಗಳಲ್ಲಿ ಕೋಲಾರ ಜಿಲ್ಲೆಯ ಬಂಗಾರಪೇಟೆ ಭಾಗದ ಮಹಿಳಾ ಸಂಘಗಳಿದ್ದವು.

ಸರ್ಕಾರ ಕೈಹಾಕಿದ್ದು ಆಮೇಲೆ. 1999ರ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ಸಂಘಗಳಿಗೆ ಸಹಾಯಧನದ ಆಸೆ ತೋರಿಸಿತು. ಕರ್ನಾಟಕ 2000ದ ಅಕ್ಟೋಬರ್‌ನಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭಿಸಿ, ಗುಂಪು ಕಟ್ಟುವ ಹೊಣೆಯನ್ನು ಅಂಗನವಾಡಿ ಕಾರ್ಯಕರ್ತೆಯರಿಗೆ ವಹಿಸಿತು. ಸಂಘ ಮೂಲೆಮೂಲೆಯ ಹಳ್ಳಿಗೆ ತಲುಪಲು ಈ ಒಂದು ತೀರ್ಮಾನವೇ ಮುಖ್ಯ ಕಾರಣ, ಏಕೆಂದರೆ ಬ್ಯಾಂಕಿನ ಶಾಖೆ ಇಲ್ಲದ ಊರಲ್ಲೂ ಅಂಗನವಾಡಿ ಇತ್ತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂದಾಗ ಅದರ ಜಾರಿಗೆ ಕರ್ನಾಟಕ ರಚಿಸಿದ ಸಂಸ್ಥೆಯ ಯೋಜನೆ 'ಸಂಜೀವಿನಿ' ಎಂಬ ಹೆಸರಿನಿಂದ ಪರಿಚಿತವಾಯಿತು. ಸಂಘಗಳ ಮೇಲೆ ವಾರ್ಡ್ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಎಂಬ ಮೆಟ್ಟಿಲುಗಳನ್ನು ಕಟ್ಟಿದ್ದು ಈ ಯೋಜನೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಹುಟ್ಟಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಗುಂಪುಗಳೂ ನಂತರದ ದಶಕಗಳಲ್ಲಿ ಉತ್ತರ ಕರ್ನಾಟಕಕ್ಕೆ ಹಬ್ಬಿದವು.

ಕಂಪನಿಗಳ ಕವಲು ಬೇರೆ. 1999ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಗ್ರಾಮೀಣ ಕೂಟ ಬಾಂಗ್ಲಾ ಮಾದರಿಯನ್ನು ಅಳವಡಿಸಿಕೊಂಡು ಆರಂಭವಾಯಿತು. 2005ರಲ್ಲಿ ಉಜ್ಜೀವನ್ ಬಂತು. ಹೀಗೆ ಬೆಂಗಳೂರು ದೇಶದ ಮೈಕ್ರೋ ಫೈನಾನ್ಸ್ ಉದ್ಯಮದ ದೊಡ್ಡ ನೆಲೆಗಳಲ್ಲೊಂದಾಯಿತು.

ಸೀಮೆಯ ಹಿನ್ನೆಲೆ

'ದಿನ್ನಿ' ಎಂದರೆ ಎತ್ತರದ ದಿಬ್ಬ. ವಳಕಮದಿನ್ನಿ, ಮರಳದಿನ್ನಿ ಮೊದಲಾದ ಹೆಸರುಗಳು ಈ ಭಾಗದಲ್ಲಿ ಮತ್ತೆಮತ್ತೆ ಸಿಗುತ್ತವೆ. ದಿಬ್ಬದ ಮೇಲಿನ ಊರಿಗೂ ತಗ್ಗಿನ ಕಾಲುವೆ ಊರಿಗೂ ಇಲ್ಲಿ ಅಜಗಜಾಂತರ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿಗಳು, ದಲಾಲಿ ಅಂಗಡಿಗಳು. ಲಿಂಗಸುಗೂರಿನ ಕಡೆ ಮಳೆಯಾಶ್ರಿತ ತೊಗರಿ, ಸಜ್ಜೆ, ಜೋಳ, ಸೂರ್ಯಕಾಂತಿ, ಮತ್ತು ಹಟ್ಟಿ ಚಿನ್ನದ ಗಣಿ. ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಸಿಕ್ಕ ಮಸ್ಕಿ ಈ ಎರಡರ ನಡುವೆ ನಿಂತಿದೆ. ಮಸ್ಕಿ ತಾಲೂಕಿನ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರಿಂದ ದೀರ್ಘ ಧರಣಿ ನಡೆಸಿದ್ದು ನೀರಿನ ಈ ಗಡಿರೇಖೆಯ ಕಾರಣಕ್ಕೇ.

ಹೆಂಗಸರ ಗಳಿಕೆಯೂ ಇದೇ ರೇಖೆಯನ್ನು ಹಿಡಿದು ಹರಿಯುತ್ತದೆ. ಕಾಲುವೆ ಊರಲ್ಲಿ ಭತ್ತದ ನಾಟಿ ಮತ್ತು ಕಳೆ ಕೆಲಸಕ್ಕೆ ಕೂಲಿ, ಎರೆಭೂಮಿಯಲ್ಲಿ ಹತ್ತಿ ಬಿಡಿಸುವ ಕೂಲಿ. ಉಳಿದ ತಿಂಗಳುಗಳಲ್ಲಿ ಮುಂಗಡ ಪಡೆದು ಬೆಂಗಳೂರಿಗೋ ಇನ್ನೆಲ್ಲಿಗೋ ಗುಳೆ. ಕಿರುಸಾಲ ಈ ಸೀಮೆಗೆ ಬಂದಾಗ ಖಾಲಿ ಜಾಗಕ್ಕೇನೂ ಬರಲಿಲ್ಲ. ದಲಾಲಿ ಅಂಗಡಿಯ ಸಾಲ, ಕೈಗಡ, ಚೀಟಿ, ಬಂಗಾರದ ಒತ್ತೆ, ಗುಳೆಯ ಮುಂಗಡ ಎಲ್ಲವೂ ಮೊದಲೇ ಇದ್ದವು. ಹೊಸ ಸಾಲ ಅವುಗಳ ಸಾಲಿಗೆ ಸೇರಿತು, ಕೆಲವನ್ನು ಹಿಂದಕ್ಕೆ ತಳ್ಳಿತು.

ಔಪಚಾರಿಕ ಸಾಲದ ಬಾಗಿಲು ಇಲ್ಲಿ ಮುಖ್ಯವಾಗಿ ಗ್ರಾಮೀಣ ಬ್ಯಾಂಕು. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ ತಿಂಗಳಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರಲ್ಲಿ ಬೆರೆತು ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. 1990ರ ದಶಕದಲ್ಲಿ ಖಾತೆ ತೆರೆದ ಸಂಘವೊಂದು ಶಾಖೆ ಬದಲಿಸದೆಯೇ ನಾಲ್ಕು ಹೆಸರಿನ ಪಾಸ್‌ಬುಕ್ ಕಂಡಿರಬಹುದು.

ರಚನೆ ಮತ್ತು ವಹಿವಾಟು

ಸಂಘದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರುವುದಿಲ್ಲ. ಅದಕ್ಕೆ ಕಾರಣ ಹಳೆಯ ಕಂಪನಿ ಕಾಯ್ದೆ: ಇಪ್ಪತ್ತು ಮೀರಿದ ಜನ ನೋಂದಣಿಯಿಲ್ಲದೆ ಸೇರಿ ಲಾಭದ ವ್ಯವಹಾರ ನಡೆಸುವಂತಿರಲಿಲ್ಲ. ಒಂದು ಓಣಿಯ, ಬಹುತೇಕ ಒಂದೇ ಆರ್ಥಿಕ ಸ್ಥಿತಿಯ ಹೆಂಗಸರು ಸೇರುತ್ತಾರೆ. ತಾಂಡಾಗಳಲ್ಲಿ ಲಂಬಾಣಿ ಹೆಂಗಸರದೇ ಸಂಘಗಳಿರುತ್ತವೆ. ಇಬ್ಬರು ಪ್ರತಿನಿಧಿಗಳು ಬ್ಯಾಂಕಿನಲ್ಲಿ ಸಹಿ ಮಾಡುತ್ತಾರೆ, ವಾರಕ್ಕೋ ತಿಂಗಳಿಗೋ ಒಮ್ಮೆ ಸಭೆ ಕೂಡುತ್ತದೆ, ಯಾರಿಗೆ ಎಷ್ಟು ಸಾಲ ಎಂಬುದು ನಡಾವಳಿ ಪುಸ್ತಕದಲ್ಲಿ ಠರಾವಾಗಿ ದಾಖಲಾಗುತ್ತದೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ: ಈ ಐದಕ್ಕೆ 'ಪಂಚಸೂತ್ರ' ಎಂದು ಹೆಸರು. ಬ್ಯಾಂಕು ಸಾಲ ಕೊಡುವ ಮುನ್ನ ನೋಡುವುದೂ ಇವನ್ನೇ.

ಐದರಲ್ಲಿ ಕೊನೆಯದೇ ಹೆಚ್ಚು ಎಡವುವ ಜಾಗ. ಓದುಬರಹ ಬಲ್ಲವರು ಕಡಿಮೆಯಿರುವ ಗುಂಪಿನಲ್ಲಿ ಲೆಕ್ಕ ಬರೆಯುವ ಒಬ್ಬಳ ಕೈಗೆ ಇಡೀ ಅಧಿಕಾರ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಪಂಚಾಯಿತಿ ಒಕ್ಕೂಟಗಳಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿಯರನ್ನು, ಊರುಗಳಲ್ಲಿ ಕೃಷಿ ಸಖಿ, ಪಶು ಸಖಿ, ಬ್ಯಾಂಕ್ ಸಖಿಯರನ್ನು ಸಂಜೀವಿನಿ ನೇಮಿಸಿದೆ.

ಬ್ಯಾಂಕ್ ಸಾಲ ಹಂತಹಂತವಾಗಿ ಏರುತ್ತದೆ. ಜೀವನೋಪಾಯ ಅಭಿಯಾನದ ನಿಯಮದಂತೆ ಆರು ತಿಂಗಳು ಸರಿಯಾಗಿ ನಡೆದ ಸಂಘಕ್ಕೆ ಮೊದಲ ಸಾಲವಾಗಿ ಅದರ ಒಟ್ಟು ನಿಧಿಯ ಆರು ಪಟ್ಟು ಅಥವಾ ಕನಿಷ್ಠ 1.5 ಲಕ್ಷ ರೂಪಾಯಿ, ಎರಡನೆಯದಾಗಿ ಎಂಟು ಪಟ್ಟು ಅಥವಾ ಕನಿಷ್ಠ 3 ಲಕ್ಷ, ಮೂರನೆಯದಾಗಿ ಸದಸ್ಯೆಯರ ಕಿರುಸಾಲ ಯೋಜನೆ ನೋಡಿ ಕನಿಷ್ಠ 6 ಲಕ್ಷ ಸಿಗಬೇಕು. 10 ಲಕ್ಷದವರೆಗಿದ್ದ ಅಡಮಾನರಹಿತ ಸಾಲದ ಮಿತಿಯನ್ನು 2021ರಲ್ಲಿ 20 ಲಕ್ಷಕ್ಕೆ ಏರಿಸಲಾಯಿತು. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ 7.

ಮೊತ್ತ ದೊಡ್ಡದೆನಿಸುತ್ತದೆ, ಹಂಚಿದಾಗ ಹಾಗಿರುವುದಿಲ್ಲ. ಒಂದೂವರೆ ಲಕ್ಷವನ್ನು ಹದಿನೈದು ಮಂದಿ ಸಮವಾಗಿ ಹಂಚಿಕೊಂಡರೆ ತಲೆಗೆ 10,000 ರೂಪಾಯಿ. ಆ ದುಡ್ಡಿಗೆ ಆಡಿನ ಮರಿ ಬಂದೀತು, ಹಾಲು ಕರೆಯುವ ಎಮ್ಮೆ ಬಾರದು. ಸಮಪಾಲು ಮಾಡಿದರೆ ಜಗಳವಿಲ್ಲ, ಆದರೆ ಯಾರಿಗೂ ಉದ್ದಿಮೆಗೆ ಸಾಲುವಷ್ಟು ಹಣ ಸಿಗುವುದಿಲ್ಲ. ಅಗತ್ಯ ನೋಡಿ ಸರದಿಯಂತೆ ಕೊಡುವ ಸಂಘಗಳಲ್ಲಿ ಒಬ್ಬಿಬ್ಬರಾದರೂ ನಿಜವಾದ ಬಂಡವಾಳ ಹೂಡಬಲ್ಲರು.

ಬಡ್ಡಿಯ ಲೆಕ್ಕ

ಹಳ್ಳಿಯಲ್ಲಿ ಬಡ್ಡಿಯನ್ನು ಹೇಳುವುದು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು. ಎರಡು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ 24. ಆದರೆ ಅದೇ ಎರಡು ರೂಪಾಯಿ, ಲೆಕ್ಕ ಹಾಕುವ ಕ್ರಮದಿಂದ, ಎರಡು ಬೇರೆ ಸಾಲಗಳಾಗಬಲ್ಲದು. 20,000 ರೂಪಾಯಿಯನ್ನು ಹತ್ತು ತಿಂಗಳ ಕಂತಿನಲ್ಲಿ ತೀರಿಸುವ ಉದಾಹರಣೆ ತೆಗೆದುಕೊಂಡರೆ, ತಿಂಗಳಿಗೆ 2,000 ಅಸಲು ಕಳೆದಂತೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದಾಗ ಮೊದಲ ತಿಂಗಳು 400, ಎರಡನೇ ತಿಂಗಳು 360, ಕೊನೆಯ ತಿಂಗಳು 40, ಒಟ್ಟು 2,200 ರೂಪಾಯಿ. ಮೂಲ ಅಸಲಿನ ಮೇಲೇ ಹತ್ತು ತಿಂಗಳೂ 400ರಂತೆ ಹಾಕಿದರೆ ಒಟ್ಟು 4,000 ರೂಪಾಯಿ. ಕಂತು ಸಮವಾಗಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಸಂಘದೊಳಗಿನ ಸಾಲಕ್ಕೆ ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ ಇಡುವ ರೂಢಿ ವ್ಯಾಪಕ. ಆ ಹೆಚ್ಚುವರಿ ಸಂಘದ ನಿಧಿಗೆ ಸೇರಿ ಮುಂದಿನ ಸಾಲಕ್ಕೆ ಬಂಡವಾಳವಾಗುತ್ತದೆ. ಫೈನಾನ್ಸ್ ಕಂಪನಿಯ ಸಾಲದಲ್ಲಿ ಬಡ್ಡಿಯ ಜತೆ ಸಂಸ್ಕರಣಾ ಶುಲ್ಕ, ವಿಮೆಯ ಕಂತು ಸೇರುತ್ತವೆ. 2022ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮಗಳು ಬಡ್ಡಿಗೆ ಇದ್ದ ಮಿತಿಯನ್ನು ತೆಗೆದವು. ಅದರ ಬದಲು ಎಲ್ಲ ಖರ್ಚುಗಳನ್ನು ಒಂದೇ ಹಾಳೆಯಲ್ಲಿ ತೋರಿಸಬೇಕು, ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು, ಮೊದಲೇ ತೀರಿಸಿದರೆ ದಂಡ ಹಾಕಬಾರದು ಎಂದು ಕಟ್ಟುಮಾಡಿದವು.

ಉದ್ದಿಮೆಯ ಬಗೆಗಳು

ಈ ಸೀಮೆಯ ಸಂಘದ ಹೆಂಗಸರು ನಡೆಸುವ ಉದ್ದಿಮೆಗಳನ್ನು ದುಡ್ಡು ಮರಳುವ ವೇಗದಿಂದ ವಿಂಗಡಿಸುವುದು ಸೂಕ್ತ. ಕಂತು ಕಟ್ಟುವ ಶಕ್ತಿಯನ್ನು ತೀರ್ಮಾನಿಸುವುದು ಲಾಭದ ಪ್ರಮಾಣಕ್ಕಿಂತ ಆ ವೇಗವೇ.

ದಿನವಹಿ ದುಡ್ಡು ಕಾಣುವವು ಮೊದಲ ಗುಂಪು. ಬಸ್‌ಸ್ಟ್ಯಾಂಡಿನ ಬಳಿ ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ, ಚಹಾದ ಗೂಡಂಗಡಿ, ಸಂತೆಯ ತರಕಾರಿ, ಬಳೆ ವ್ಯಾಪಾರ, ಖಡಕ್ ರೊಟ್ಟಿ. ಜೋಳದ ರೊಟ್ಟಿ ಬಡಿಯುವ ಕೈಚಳಕ ಮನೆಮನೆಯಲ್ಲೂ ಇರುವುದರಿಂದ ಕಲಿಕೆಯ ಖರ್ಚಿಲ್ಲ. ಒಲೆ, ಹಂಚು, ಹಿಟ್ಟು ಸಾಕು. ಜತೆಗೆ ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಹಪ್ಪಳ, ಶಾವಿಗೆ. ಇಂತಹ ಉದ್ದಿಮೆಗೆ ವಾರದ ಕಂತೂ ಹೊರೆಯಲ್ಲ. ತೊಂದರೆ ಬೇರೆಡೆ: ಎಲ್ಲರಿಗೂ ಬರುವ ವಿದ್ಯೆಯಾದ್ದರಿಂದ ಹಳ್ಳಿಯಲ್ಲಿ ರೊಟ್ಟಿ ಕೊಳ್ಳುವವರಿಲ್ಲ. ಖಾನಾವಳಿ, ಮದುವೆ, ಹಾಸ್ಟೆಲ್, ಪಟ್ಟಣದ ಅಂಗಡಿಗಳಿಗೆ ಮಾಲು ತಲುಪಬೇಕು. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಸಂಘಗಳ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರು ಕೊಟ್ಟದ್ದು ಈ ಕೊರತೆ ನೀಗಿಸಲು.

ಹೈನು ನಡುವಿನ ಜಾಗದಲ್ಲಿದೆ. ಎಮ್ಮೆ ಕರೆಯುವ ತಿಂಗಳುಗಳಲ್ಲಿ ದಿನಾ ದುಡ್ಡು, ಬತ್ತಿದ ತಿಂಗಳುಗಳಲ್ಲಿ ಬರೀ ಮೇವಿನ ಖರ್ಚು. ಭತ್ತದ ಊರಲ್ಲಿ ಹುಲ್ಲು ಸಿಗುತ್ತದೆ. ದಿನ್ನಿಯ ಊರಲ್ಲಿ ಬೇಸಿಗೆಯ ಮೇವನ್ನು ದುಡ್ಡು ಕೊಟ್ಟು ತರಬೇಕು. ಒಂದೇ ಎಮ್ಮೆಯ ಮೇಲೆ ವರ್ಷಪೂರ್ತಿ ಕಂತು ಕಟ್ಟುವ ಮನೆ ನಾಲ್ಕೈದು ತಿಂಗಳು ಕೂಲಿಯ ದುಡ್ಡಿನಿಂದ ಕಂತು ತುಂಬುತ್ತದೆ. ಎರಡು ಎಮ್ಮೆಗಳಿದ್ದು ಒಂದು ಬತ್ತಿದಾಗ ಇನ್ನೊಂದು ಕರೆಯುವಂತಿದ್ದರೆ ಮಾತ್ರ ಹೈನು ತನ್ನ ಸಾಲವನ್ನು ತಾನೇ ಹೊರುತ್ತದೆ. ಮೊದಲ ಸಾಲದಲ್ಲಿ ಅಷ್ಟು ಹಣ ಕೈಗೆ ಬರುವುದಿಲ್ಲ.

ಆಡು, ಕುರಿ ಸಾಕಣೆ ನಿಧಾನದ್ದು. ಮರಿ ತಂದು ಮಾರುವ ತನಕ ತಿಂಗಳುಗಟ್ಟಲೆ ಆದಾಯವಿಲ್ಲ, ಆದರೆ ಆಪತ್ತಿಗೆ ತಟ್ಟನೆ ಮಾರಬಹುದಾದ್ದರಿಂದ ಅದು ನಡೆದಾಡುವ ಉಳಿತಾಯ. ಹೊಲಿಗೆ ಯಂತ್ರಕ್ಕೆ ಹಬ್ಬ, ಜಾತ್ರೆ, ಮದುವೆಯ ಸೀಜನ್. ಹಳೆ ಸೀರೆಗಳಿಂದ ಕೌದಿ ಹೊಲಿಯುವುದು ಬಿಡುವಿನ ಕೆಲಸ, ಲಂಬಾಣಿ ಕಸೂತಿಗೆ ಸಂಡೂರಿನ ಕಡೆ ಸಿಕ್ಕಂತಹ ಹೊರಮಾರುಕಟ್ಟೆ ಇಲ್ಲಿನ ತಾಂಡಾಗಳಿಗೆ ಅಷ್ಟಾಗಿ ಒಲಿದಿಲ್ಲ. ಕಿರಾಣಿ ಅಂಗಡಿಯ ಕಷ್ಟ ಉದ್ರಿ: ಗಿರಾಕಿಗಳು ಕೂಲಿಕಾರರು, ರೈತರು, ಅವರು ದುಡ್ಡು ಕೊಡುವುದು ಸುಗ್ಗಿಯಲ್ಲಿ. ಅಂಗಡಿಯ ಸಾಲದ ಕಂತು ಮಾತ್ರ ಸುಗ್ಗಿಗೆ ಕಾಯುವುದಿಲ್ಲ.

ಇವೆಲ್ಲ ಸಂಘದ ಸದಸ್ಯೆಯರು ಒಬ್ಬೊಬ್ಬರೇ ನಡೆಸುವಂಥವು. ಸಂಘವೇ ಒಟ್ಟಾಗಿ ನಡೆಸುವ ಉದ್ದಿಮೆಗಳು, ಅಂದರೆ ಹಿಟ್ಟಿನ ಗಿರಣಿ, ಶಾವಿಗೆ ಯಂತ್ರ, ಸಿರಿಧಾನ್ಯ ಸಂಸ್ಕರಣೆ, ಎಣಿಕೆಯಲ್ಲಿ ಕಡಿಮೆ. ಅವುಗಳಲ್ಲಿ ಹೆಸರಾದದ್ದು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ. 2018ರಲ್ಲಿ ಹದಿನೈದು ಹೆಂಗಸರಿಂದ ಆರಂಭವಾಗಿ, ಸಹಜ ಸಮೃದ್ಧ ಮತ್ತು ಸೆಲ್ಕೊ ಫೌಂಡೇಶನ್‌ಗಳ ನೆರವಿನಿಂದ ಸಮುದಾಯ ಬೀಜ ಬ್ಯಾಂಕ್ ಹಾಗೂ ಸೌರವಿದ್ಯುತ್ತಿನ ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸುತ್ತಿರುವ ಈ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಾಲದ ಜತೆಗೆ ಯಂತ್ರ, ತಾಂತ್ರಿಕ ನೆರವು, ಕೊಳ್ಳುವವರ ಜಾಲ ಮೂರೂ ಅಲ್ಲಿ ಕೂಡಿದ್ದವು. ಬರೀ ಸಾಲದಿಂದ ಆ ಮಟ್ಟಕ್ಕೆ ಏರಿದ ಸಂಘಕ್ಕಾಗಿ ಹುಡುಕಾಡಬೇಕಾಗುತ್ತದೆ.

ಪರಿಣಾಮ

ಕಿರುಸಾಲದ ಮೊದಲ ಹಾಗೂ ಖಚಿತ ಪರಿಣಾಮ ದುಬಾರಿ ಬಡ್ಡಿಯ ಇಳಿಕೆ. ಬಿಹಾರದ ಜೀವಿಕಾ ಯೋಜನೆಯ ಸಂಘಗಳನ್ನು ಕುರಿತ ಅಧ್ಯಯನ, ಸಂಘ ಬಂದ ಹಳ್ಳಿಗಳಲ್ಲಿ ಹೆಚ್ಚು ಬಡ್ಡಿಯ ಸಾಲ ಗಣನೀಯವಾಗಿ ಕುಗ್ಗಿದ್ದನ್ನು ತೋರಿಸಿತು. ಒಂಬತ್ತು ರಾಜ್ಯಗಳಲ್ಲಿ ಜೀವನೋಪಾಯ ಅಭಿಯಾನವನ್ನು ಅಳೆದ 2020ರ ಮೌಲ್ಯಮಾಪನ, ಮನೆಯ ಆದಾಯದಲ್ಲಿ ಶೇ 19ರ ಏರಿಕೆ, ಅನೌಪಚಾರಿಕ ಸಾಲದ ಪಾಲಿನಲ್ಲಿ ಶೇ 20ರ ಇಳಿಕೆ ಕಂಡಿತು. ಆ ಒಂಬತ್ತರಲ್ಲಿ ಕರ್ನಾಟಕ ಇರಲಿಲ್ಲ.

ಉದ್ದಿಮೆಯ ಬೆಳವಣಿಗೆಗೆ ಸಿಗುವ ಸಾಕ್ಷ್ಯ ಇಷ್ಟು ನೇರವಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಕೊಳೆಗೇರಿಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ಕೊಳೆಗೇರಿಗಳಿಗೆ ಮಾತ್ರ ಮೊದಲು ಮೈಕ್ರೋ ಫೈನಾನ್ಸ್ ಬಂದಿತ್ತು. ಅಲ್ಲಿ ಮೊದಲಿನಿಂದ ವ್ಯಾಪಾರವಿದ್ದವರು ಹೂಡಿಕೆ ಹೆಚ್ಚಿಸಿದರು, ಆದರೆ ಮನೆಯ ಸರಾಸರಿ ಖರ್ಚು, ಮಕ್ಕಳ ಓದು, ಹೆಂಗಸರ ತೀರ್ಮಾನದ ಶಕ್ತಿ ಇವುಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸಾಲ ವ್ಯಾಪಾರಿಯನ್ನು ಬೆಳೆಸಬಲ್ಲದು, ಕೂಲಿಕಾರ್ತಿಯನ್ನು ವ್ಯಾಪಾರಿಯನ್ನಾಗಿಸುವುದು ಅಪರೂಪ. ಈ ಅಧ್ಯಯನ ಕಂಪನಿ ಸಾಲದ್ದು, ಸಂಘದ ಸಾಲದ್ದಲ್ಲ ಎಂಬುದನ್ನು ಮರೆಯಬಾರದು.

ಕಂತಿನ ಕ್ರಮದ ಪ್ರಭಾವವನ್ನು ಕೋಲ್ಕತ್ತದ ಪ್ರಯೋಗವೊಂದು ಬಿಡಿಸಿ ತೋರಿಸಿತು. ಸಾಲ ಕೊಟ್ಟ ಎರಡೇ ವಾರಕ್ಕೆ ಕಂತು ಆರಂಭಿಸುವ ಬದಲು ಎರಡು ತಿಂಗಳ ಬಿಡುವು ಕೊಟ್ಟಾಗ ಹೆಂಗಸರು ಉದ್ದಿಮೆಗೆ ಹೆಚ್ಚು ಹಣ ಹೂಡಿದರು, ಮೂರು ವರ್ಷಗಳ ಮೇಲೆ ಅವರ ಲಾಭವೂ ಹೆಚ್ಚಿತ್ತು. ಜತೆಗೆ ಸುಸ್ತಿಯಾದವರ ಸಂಖ್ಯೆಯೂ ಏರಿತ್ತು. ಆಡಿನ ಮರಿ ತರುವ ಮಸ್ಕಿಯ ಹೆಂಗಸಿಗೂ ಇದೇ ಮಾತು ಒಪ್ಪುತ್ತದೆ: ಮುಂದಿನ ವಾರವೇ ಕಂತು ಎಂದಾದರೆ ಸಾಲದ ಒಂದು ಭಾಗವನ್ನು ಕಂತಿಗಾಗಿಯೇ ಎತ್ತಿಡಬೇಕು.

ಸಾಲ ಹೆಂಗಸಿನ ಹೆಸರಿನಲ್ಲಿದ್ದರೂ ಹೂಡಿಕೆ ಯಾರದ್ದೆಂಬ ಪ್ರಶ್ನೆಯೂ ಇದೆ. ಭಾರತ, ಶ್ರೀಲಂಕಾ, ಘಾನಾಗಳ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದ 2019ರ ಸಂಶೋಧನೆ, ಗಂಡನಿಗೂ ವ್ಯಾಪಾರವಿರುವ ಮನೆಗಳಲ್ಲಿ ಹೆಂಡತಿಗೆ ಬಂದ ಹಣ ಅವನ ವ್ಯಾಪಾರಕ್ಕೆ ಹರಿಯುತ್ತದೆಂದು ಕಂಡಿತು. ಅವಳೊಬ್ಬಳೇ ಉದ್ದಿಮೆ ನಡೆಸುವ ಮನೆಯಲ್ಲಿ ಲಾಭ ಅವಳ ಉದ್ದಿಮೆಯಲ್ಲೇ ಕಾಣುತ್ತದೆ. ಹೊಲದ ಬೀಜ, ಗೊಬ್ಬರಕ್ಕೆ ಸಂಘದ ಸಾಲ ಹೋಗುವ ರಾಯಚೂರಿನ ಒಕ್ಕಲು ಮನೆಗಳ ವಿಷಯದಲ್ಲಿ ಇದನ್ನು ದುರ್ಬಳಕೆ ಎನ್ನುವುದು ಅವಸರದ ಮಾತು. ಹೊಲವೂ ಆ ಮನೆಯ ಉದ್ದಿಮೆಯೇ. ಕಂತಿನ ಹೊಣೆ ಮಾತ್ರ ಅವಳೊಬ್ಬಳದಾಗಿ ಉಳಿಯುತ್ತದೆ.

ಕರ್ನಾಟಕದ ಹಳ್ಳಿಗಳಿಂದಲೇ ಬಂದ ಒಂದು ಕಾಣ್ಕೆ ಸಂಘಗಳಿಗೆ ನೇರ ಸಂಬಂಧಿಸಿದ್ದು. ರಾಜ್ಯದ ದಕ್ಷಿಣ ಭಾಗದ 75 ಹಳ್ಳಿಗಳಲ್ಲಿ ಯಾರು ಯಾರಿಂದ ಕೈಗಡ ಪಡೆಯುತ್ತಾರೆ, ಯಾರು ಯಾರ ಸಲಹೆ ಕೇಳುತ್ತಾರೆ ಎಂದು ಸಂಶೋಧಕರು ಮೊದಲೇ ಸಮೀಕ್ಷೆ ಮಾಡಿಟ್ಟಿದ್ದರು. ಆಮೇಲೆ ಭಾರತ ಸ್ವಮುಕ್ತಿ ಸಂಸ್ಥೆ ಅವುಗಳಲ್ಲಿ 43 ಹಳ್ಳಿಗಳಿಗೆ ಕಿರುಸಾಲ ಒಯ್ದಿತು. ಊರಲ್ಲಿ ಹೆಚ್ಚು ಸಂಪರ್ಕವಿರುವವರಿಗೆ ಮೊದಲು ಸುದ್ದಿ ಮುಟ್ಟಿಸಿದ ಕಡೆ ಸದಸ್ಯತ್ವ ಬೇಗ ಹಬ್ಬಿತು ಎಂಬುದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಹಳ್ಳಿಗಳಿಗೆ ಮತ್ತೆ ಹೋದಾಗ, ಕಿರುಸಾಲ ಬಂದ ಊರುಗಳಲ್ಲಿ ನೆರೆಹೊರೆಯ ಕೈಗಡ ಮತ್ತು ಸಲಹೆಯ ನಂಟುಗಳು ಕಡಿಮೆಯಾಗಿದ್ದವು. ಸಾಲ ಪಡೆಯದವರ ನಡುವೆಯೂ ಅವು ಸಡಿಲಗೊಂಡಿದ್ದವು.

ಅಂಕಿಗೆ ಸಿಗದ ಬದಲಾವಣೆಗಳೂ ಉಂಟು. ಬ್ಯಾಂಕಿನ ಹೊಸ್ತಿಲು ತುಳಿಯುವುದು, ಹೆಬ್ಬೆಟ್ಟಿನ ಜಾಗದಲ್ಲಿ ಸಹಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡುವುದು, ಪಂಚಾಯಿತಿ ಚುನಾವಣೆಗೆ ನಿಲ್ಲುವುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಸಿಂಧನೂರು, ಲಿಂಗಸುಗೂರಿನ ಸಂತೆಗಳಿಗೆ ಹೋಗಿಬರುವ ಖರ್ಚನ್ನೇ ತೆಗೆದುಹಾಕಿತು. ಬುಟ್ಟಿ ವ್ಯಾಪಾರದ ಸಣ್ಣ ಲಾಭದಲ್ಲಿ ಬಸ್ ಚಾರ್ಜು ದೊಡ್ಡ ಪಾಲಾಗಿತ್ತು.

ಬಿಕ್ಕಟ್ಟು ಮತ್ತು ಕಾನೂನು

ಕರ್ನಾಟಕದಲ್ಲಿ ಕಂಪನಿ ಸಾಲದ ಮೊದಲ ದೊಡ್ಡ ಬಿಕ್ಕಟ್ಟು 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂತಹ ರೇಷ್ಮೆ ಊರುಗಳಲ್ಲಿ ತಲೆದೋರಿತು. ಹಲವು ಕಂಪನಿಗಳಿಂದ ಸಾಲ ಪಡೆದ ಮನೆಗಳು ರೇಷ್ಮೆ ವಹಿವಾಟು ಕುಸಿದಾಗ ಕಂತು ನಿಲ್ಲಿಸಿದವು. ಮರುವರ್ಷ, 2010ರ ಅಕ್ಟೋಬರ್‌ನಲ್ಲಿ, ಆತ್ಮಹತ್ಯೆಗಳ ಸುದ್ದಿಯ ನಡುವೆ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದು ವಸೂಲಿಗೆ ಕಡಿವಾಣ ಹಾಕಿತು. ಮಾಲೇಗಾಂ ಸಮಿತಿಯ ವರದಿಯ ಮೇಲೆ ರಿಸರ್ವ್ ಬ್ಯಾಂಕ್ 2011ರ ಡಿಸೆಂಬರ್‌ನಲ್ಲಿ ಮೈಕ್ರೋ ಫೈನಾನ್ಸ್ ಕಂಪನಿಗಳಿಗೇ ಒಂದು ಪ್ರತ್ಯೇಕ ವರ್ಗ ಮಾಡಿತು.

2024ರ ಕೊನೆ ಮತ್ತು 2025ರ ಆರಂಭದಲ್ಲಿ ಕಥೆ ಕರ್ನಾಟಕದಲ್ಲಿ ಮರುಕಳಿಸಿತು. ಒಂದು ಕಂತಿಗೆ ಇನ್ನೊಂದು ಸಾಲ, ಅದರ ಕಂತಿಗೆ ಮತ್ತೊಂದು ಎಂಬ ಸರಪಳಿ, ವಸೂಲಿಗಾರರ ಕಿರುಕುಳಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಹಲವು ಜಿಲ್ಲೆಗಳಿಂದ ಬಂತು. ರಾಜ್ಯ ಸರ್ಕಾರ ಕಳಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಮೊದಲು ಹಿಂದಿರುಗಿಸಿದರು, 2025ರ ಫೆಬ್ರುವರಿ 12ರಂದು ಅಂಕಿತ ಹಾಕಿದರು. ಕರ್ನಾಟಕ ಕಿರುಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ತಡೆ) ಕಾನೂನು ಮುಂದೆ ಮಾರ್ಚ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಇದರಲ್ಲಿ ಅವಕಾಶವಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ರಾಜ್ಯದ ನೋಂದಣಿ ಕಡ್ಡಾಯವಲ್ಲ. ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಯಾದ ಎಂಫಿನ್, ಒಬ್ಬರಿಗೆ ಗರಿಷ್ಠ ಮೂರು ಕಂಪನಿಗಳ ಸಾಲ, ಒಟ್ಟು 2 ಲಕ್ಷದ ಮಿತಿ ಎಂಬ ಕಟ್ಟಳೆಯನ್ನು ತನ್ನ ಸದಸ್ಯರ ಮೇಲೆ ಹೇರಿತು.

ಸ್ವಸಹಾಯ ಸಂಘಗಳ ಸಾಲ ಈ ಲೆಕ್ಕದೊಳಗೆ ಪೂರ್ತಿ ಬರುವುದಿಲ್ಲ. ಬ್ಯಾಂಕಿನ ದಾಖಲೆಯಲ್ಲಿ ಸಾಲಗಾರ ಸಂಘ. ಅದರೊಳಗೆ ಯಾವ ಸದಸ್ಯೆಗೆ ಎಷ್ಟು ಹೋಗಿದೆ ಎಂಬುದು ನಡಾವಳಿ ಪುಸ್ತಕದಲ್ಲಿರುತ್ತದೆ, ಕಂಪನಿಯವರು ತೆರೆದು ನೋಡುವ ಸಾಲ ಮಾಹಿತಿ ವರದಿಯಲ್ಲಿ ಇರಬೇಕೆಂದಿಲ್ಲ.

ಈಗಿನ ಸ್ಥಿತಿ

ಗೃಹಲಕ್ಷ್ಮಿ ಯೋಜನೆಯಡಿ 2023ರ ಆಗಸ್ಟ್ ಕೊನೆಯಿಂದ ಮನೆಯೊಡತಿಗೆ ಬರುತ್ತಿರುವ ತಿಂಗಳ 2,000 ರೂಪಾಯಿ ಸಂಘದ ಉಳಿತಾಯಕ್ಕೂ ಕಂತಿಗೂ ಆಸರೆಯಾಗಬಲ್ಲ ಹಣ. ಅದು ಖಾತೆಗೆ ಬೀಳುವುದು ತಡವಾದ ತಿಂಗಳು ಕಂತೂ ಬಿಗಿಯಾಗುತ್ತದೆ. ಕೇಂದ್ರ ಸರ್ಕಾರ ವರ್ಷಕ್ಕೆ ಲಕ್ಷ ರೂಪಾಯಿ ಆದಾಯ ಗಳಿಸುವ ಸಂಘದ ಸದಸ್ಯೆಯರನ್ನು 'ಲಖ್‌ಪತಿ ದೀದಿ' ಎಂದು ಗುರುತಿಸಿ, 2024ರ ಮಧ್ಯಂತರ ಬಜೆಟ್ಟಿನಲ್ಲಿ ಗುರಿಯನ್ನು 2 ಕೋಟಿಯಿಂದ 3 ಕೋಟಿಗೆ ಏರಿಸಿತು. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿ ಮೂಲ ಬಂಡವಾಳ ಕೊಡುವ ಕಿರು ಆಹಾರ ಉದ್ದಿಮೆಗಳ ಯೋಜನೆ 2020ರಿಂದ ಜಾರಿಯಲ್ಲಿದೆ. ರಾಜ್ಯ ಸರ್ಕಾರ 'ಅಕ್ಕ ಕೆಫೆ' ಹೆಸರಿನಲ್ಲಿ ಸಂಘಗಳಿಂದಲೇ ಉಪಾಹಾರ ಗೃಹಗಳನ್ನು ನಡೆಸುತ್ತಿದೆ. ಸರಸ್ ಮೇಳಗಳಲ್ಲಿ ವರ್ಷಕ್ಕೊಂದೆರಡು ಬಾರಿ ದೂರದ ಗಿರಾಕಿಗಳು ಸಿಗುತ್ತಾರೆ.

ಮೇಳ ಮುಗಿದ ಮೇಲೆ ಬರುವ ಬೇಡಿಕೆಗೆ ಮಾಲು ಒದಗಿಸುವುದು ಬೇರೆಯದೇ ಕೆಲಸ. ಪೊಟ್ಟಣ, ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ, ಒಂದೇ ಅಳತೆಯ ರೊಟ್ಟಿ, ಸಾಗಣೆ, ಮತ್ತು ಅಂಗಡಿಯವರು ತಿಂಗಳ ಮೇಲೆ ದುಡ್ಡು ಕೊಡುವವರೆಗೆ ಕೈಯಲ್ಲಿ ತಡೆದುಕೊಳ್ಳುವಷ್ಟು ಹಣ. ಮಾಲು ಹೊರಟ ದಿನಕ್ಕೂ ಬಿಲ್ಲು ಪಾವತಿಯಾಗುವ ದಿನಕ್ಕೂ ನಡುವಿನ ಆ ತಿಂಗಳಿಗೆ ಸಂಘದ ಆಂತರಿಕ ನಿಧಿಯಿಂದಲೇ ಸಾಲ ಎತ್ತಬೇಕು. ತುರ್ತಿಗೆ ದುಡ್ಡು ಬೇಕಾದ ಉಳಿದ ಸದಸ್ಯೆಯರೂ ಅದೇ ನಿಧಿಯ ಸರದಿಯಲ್ಲಿರುತ್ತಾರೆ.